ಕಿಟ್ಟಿಗೆ ಕಾಲು ಕೊಟ್ಟವಳು

ಸಾನಾ ಬರೆಯುತ್ತಿದ್ದದ್ದು ಬಲಗೈಯಲ್ಲಿ, ಉಣ್ಣುತ್ತಿದ್ದದ್ದು ಬಲಗೈಯಲ್ಲಿ, ದಾರಿಯಲ್ಲಿ ಕಲ್ಲು ಸಿಕ್ಕಿದರೆ ಒದೆಯುತ್ತಿದ್ದದ್ದು ಮಾತ್ರ ಎಡಗಾಲಿನಲ್ಲಿ. ಮನೆ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಒಂದೇ ಕಲ್ಲನ್ನು ಒದ್ದುಕೊಂಡು ಬರುತ್ತಿದ್ದಳು. ನಡುವೆ ಅದು ಚರಂಡಿಗೆ ಬಿದ್ದರೆ ಇನ್ನೊಂದನ್ನು ಆರಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮಧ್ಯಾಹ್ನದವರೆಗೂ ಅವಳ ಮುಖ ಸಪ್ಪಗಿರುತ್ತಿತ್ತು.

ನಾನು ರಾಮನಗರದ ಆ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಸಾನಾ ಆರನೆಯ ತರಗತಿಗೆ ಬಂದು ಸೇರಿದ್ದು ೨೦೦೨ರಲ್ಲಿ. ಅವಳ ತಂದೆ ಸನಾವುಲ್ಲಾ ರೇಷ್ಮೆ ನೂಲು ತೆಗೆಯುವವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಬೇಸಿನ್ ಇಟ್ಟುಕೊಂಡಿದ್ದರು. ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಬೇಯಿಸಿದ ಗೂಡನ್ನು ಅದರಲ್ಲಿ ಹಾಕಿ, ಬೆರಳಿನಿಂದ ಎಳೆ ಹುಡುಕಿ, ತಿರುಗುವ ರಾಟೆಗೆ ಹಚ್ಚಬೇಕು. ಸತ್ತ ಹುಳುವಿನ ವಾಸನೆ ಆ ಮನೆಗಳವರ ಬಟ್ಟೆಯನ್ನು ಬಿಡುವುದಿಲ್ಲ. ಸಾನಾಳ ಯೂನಿಫಾರಂನಲ್ಲೂ ಅದಿತ್ತು. ತರಗತಿಯ ಅರ್ಧ ಮಕ್ಕಳು ಅಂಥ ಮನೆಗಳಿಂದಲೇ ಬರುತ್ತಿದ್ದುದರಿಂದ ಯಾರೂ ಅದನ್ನು ಆಡಿಕೊಳ್ಳುತ್ತಿರಲಿಲ್ಲ.

ಅವಳು ಫುಟ್‌ಬಾಲಿಗೆ ಬಂದದ್ದು ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ. ಇಲಾಖೆಯಿಂದ ಆಟದ ಸಾಮಾನಿನ ಪೆಟ್ಟಿಗೆ ಬಂದಾಗ ಹುಡುಗರು ಕ್ರಿಕೆಟ್ ಬ್ಯಾಟಿಗೆ ಮುಗಿಬಿದ್ದರು. ತಳದಲ್ಲಿ ಒಂದು ಫುಟ್‌ಬಾಲ್ ಉಳಿಯಿತು. ಪಿ.ಟಿ. ಮೇಷ್ಟ್ರು ಬಾಲರಾಜು ಅದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಬಾಲರಾಜು ಮಾಗಡಿ ಕಡೆಯ ಕಲ್ಯದವರು. ಪ್ರಾಯದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಆಡಿದ್ದವರು. ಒಂದು ವಾರ ಕಳೆದ ಮೇಲೆ ಸ್ಟಾಫ್ ರೂಮಿಗೆ ಬಂದು ನನ್ನೆದುರು ಕುಳಿತು, "ಆ ರೇಷ್ಮೆ ಸಾಬರ ಮಗಳು ಐತಲ್ಲ ಮೇಡಂ, ಅದಕ್ಕೆ ಬುದ್ಧಿ ಇರೋದೇ ಕಾಲಲ್ಲಿ. ಒಸಿ ಹೊರಗೆ ಬಂದು ನೋಡಿ," ಎಂದರು.

ಹೋಗಿ ನೋಡಿದೆ. ನನಗೆ ಆ ಆಟ ತಿಳಿಯದು. ಆದರೂ ಆರು ಜನ ಹುಡುಗಿಯರು ಚೆಂಡಿನ ಹಿಂದೆ ಓಡುತ್ತಿದ್ದರೆ ಏಳನೆಯವಳ ಹಿಂದೆ ಚೆಂಡೇ ಓಡುತ್ತಿರುವುದು ಕಂಡಿತು. ಬರಿಗಾಲು. ಸಲ್ವಾರಿನ ಅಂಚನ್ನು ಮೊಣಕಾಲಿನವರೆಗೆ ಸುತ್ತಿಕೊಂಡಿದ್ದಳು. ಗೋಲಿಗೆಂದು ಇಟ್ಟಿದ್ದ ಎರಡು ಇಟ್ಟಿಗೆಗಳ ನಡುವೆ ಒದೆಯುವ ಮೊದಲು ಒಂದು ಗಳಿಗೆ ನಿಂತು ನೆಲ ನೋಡುತ್ತಿದ್ದಳು, ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ.

ಮರುವರ್ಷ ಏಪ್ರಿಲ್ ರಜೆಯಲ್ಲಿ ಬೆಂಗಳೂರಿನಿಂದ ಟಿ.ವಿ.ಯವರು ಬಂದು ಊರಾಚೆ ಬಂಡೆಗಳ ಬುಡದ ಬಯಲಿನಲ್ಲಿ ಬೀಡುಬಿಟ್ಟರು. ಮಕ್ಕಳ ಧಾರಾವಾಹಿ, ಹೆಸರು 'ಗೋಲ್ ಕಿಟ್ಟಿ'. ಹಳ್ಳಿಯ ಬಡ ಹುಡುಗನೊಬ್ಬ ಫುಟ್‌ಬಾಲ್ ಆಡಿ ರಾಜ್ಯದ ತಂಡಕ್ಕೆ ಸೇರುವ ಕಥೆ. ಕಿಟ್ಟಿಯ ಪಾತ್ರಕ್ಕೆ ತಂದಿದ್ದ ಹುಡುಗ ನೋಡಲು ಮುದ್ದಾಗಿದ್ದ. ಮೂರನೆಯ ದಿನ ಅದರ ಡೈರೆಕ್ಟರು ಬಾಲರಾಜು ಅವರನ್ನು ಹುಡುಕಿಕೊಂಡು ಶಾಲೆಗೆ ಬಂದರು. ದಾಖಲಾತಿಯ ಕೆಲಸವಿದ್ದು ನಾನೂ ಅಲ್ಲಿದ್ದೆ.

"ನಮ್ಮ ಹುಡುಗ ಅಳೋದು ಬಹಳ ಚೆನ್ನಾಗಿ ಅಳ್ತಾನೆ ಸರ್. ಒದೆಯೋದು ಮಾತ್ರ ಬರ್ತಿಲ್ಲ. ಅದೇ ಎತ್ತರದ ಒಬ್ಬ ಹುಡುಗ ಬೇಕು, ಡೂಪಿಗೆ. ಕಾಲು ಮಾತ್ರ ತೋರಿಸ್ತೀವಿ," ಎಂದರು ಅವರು.

ಬಾಲರಾಜು ನಾಲ್ಕು ಜನ ಹುಡುಗರನ್ನು ಕರೆಸಿ ಆಡಿಸಿದರು. ಒಬ್ಬೊಬ್ಬನಿಗೂ ಡೈರೆಕ್ಟರು ಬೇಡವೆಂದು ತಲೆಯಾಡಿಸಿದರು. ಹುಡುಗರನ್ನು ಮನೆಗೆ ಕಳಿಸಿದ ಮೇಲೆ ಬಾಲರಾಜು ನನ್ನ ಮುಖ ನೋಡಿದರು. ನಾನೇ ಆಯಾಳನ್ನು ಕಳಿಸಿ ಸಾನಾಳನ್ನು ಕರೆಸಿದೆ. ಅವಳು ಮೂರು ಸಲ ಒದ್ದಳು. ನಾಲ್ಕನೆಯದನ್ನು ನೋಡುವ ಮೊದಲೇ ಡೈರೆಕ್ಟರು, "ಇವಳ ಮನೆ ಎಲ್ಲಿ?" ಎಂದು ಕೇಳಿದರು.

ಮನೆಗೆ ಹೋಗಿ ಒಪ್ಪಿಸುವ ಕೆಲಸ ನನ್ನದಾಯಿತು. ಸನಾವುಲ್ಲಾ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿ ಹಾಕಿದರು. ಸಣ್ಣ ಆಳು, ಮಾತು ಕಡಿಮೆ, ಆಗಲೇ ಕೆಮ್ಮಿತ್ತು. ಅವರ ಹೆಂಡತಿ ಸಾಬಿರಾ ಬಾಗಿಲ ಪರದೆಯ ಪಕ್ಕದಲ್ಲಿ ನಿಂತರು. ನಾನು ವಿಷಯ ಹೇಳಿದೆ.

"ಎಣ್ಣು ಮಗ, ಟಿ.ವಿ.ನಾಗೆ ಅಂದ್ರೆ ಎಂಗೆ ಮೇಡಂ," ಎಂದರು ಸನಾವುಲ್ಲಾ.

"ಮುಖ ಕಾಣಲ್ಲ. ಕಾಲು ಮಾತ್ರ."

"ಎಸ್ರು?"

"ಹೆಸರೂ ಹಾಕಲ್ಲ."

"ಆಡಿದ್ದು ನಮ್ ಮಗಳು ಅಂತ ಯಾರಿಗೂ ಗೊತ್ತಾಗಾಕಿಲ್ಲ?"

"ಯಾರಿಗೂ ಗೊತ್ತಾಗಲ್ಲ. ನಾನು ಯಾರಿಗೂ ಹೇಳಲ್ಲ, ನಿಮಗೆ ಮಾತು ಕೊಡ್ತೀನಿ."

ಅವರು ಪರದೆಯ ಕಡೆ ನೋಡಿದರು. ಸಾಬಿರಾ ಉರ್ದುವಿನಲ್ಲಿ ಏನೋ ಹೇಳಿದರು. "ಅಂಗಾದ್ರೆ ಆಗ್ಲಿ ಬುಡಿ. ಮಗ ಆಸೆ ಪಡ್ತೈತೆ," ಎಂದರು ಸನಾವುಲ್ಲಾ. ನಾನು ಏನೋ ಗೆದ್ದುಕೊಂಡು ಬಂದವಳಂತೆ ಮನೆಗೆ ಹೋದೆ. ಕೊಟ್ಟ ಮಾತಿನ ತೂಕ ಆಗ ನನಗೆ ಗೊತ್ತಾಗಲಿಲ್ಲ.

ಶೂಟಿಂಗು ಮೂವತ್ತೆಂಟು ದಿನ ನಡೆಯಿತು. ಬಾಲರಾಜು ಅಥವಾ ನಾನು, ಇಬ್ಬರಲ್ಲೊಬ್ಬರು ದಿನವೂ ಅವಳ ಜೊತೆಗಿರುತ್ತಿದ್ದೆವು. ಅವಳ ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಿ, ಕಿಟ್ಟಿಯ ಅಂಗಿ ಚಡ್ಡಿ ತೊಡಿಸಿ, ಕಾಲಿಗೆ ಬೂಟು ಹಾಕುತ್ತಿದ್ದರು. ಅವಳ ಜೀವನದಲ್ಲೇ ಅದು ಮೊದಲ ಬೂಟು. ಕಿಟ್ಟಿಯ ಪಾತ್ರದ ಹುಡುಗನಿಗೆ ಎಡ ಮೊಣಕಾಲಿನ ಕೆಳಗೆ ಕಡಲೆಬೇಳೆಯಷ್ಟು ಮಚ್ಚೆ ಇತ್ತು. ಮೇಕಪ್ಪಿನವನು ದಿನಾ ಬೆಳಿಗ್ಗೆ ಸಾನಾಳ ಕಾಲಿನ ಮೇಲೂ ಅಂಥದ್ದೊಂದನ್ನು ಬರೆಯುತ್ತಿದ್ದ. ಸಂಜೆ ಸಾಬಿರಾ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದರಂತೆ.

ಆ ಹುಡುಗ ಒಳ್ಳೆಯವನೇ. ಬಿಡುವಿನಲ್ಲಿ ಸಾನಾಳ ಹತ್ತಿರ ಬಂದು, "ನಂಗೂ ಹೇಳ್ಕೊಡೇ," ಎನ್ನುತ್ತಿದ್ದ. ಇವಳು ಅವನ ಪಾದ ಹಿಡಿದು, ಯಾವ ಜಾಗ ಚೆಂಡಿಗೆ ತಾಕಬೇಕೆಂದು ಬೆರಳಿನಿಂದ ತೋರಿಸುತ್ತಿದ್ದಳು. "ಜೋರಾಗಿ ಒದೀಬೇಡ. ಮೊದ್ಲು ನಿಂತ್ಕೋ. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಹೇಳು," ಎನ್ನುತ್ತಿದ್ದಳು. ಅವನು ಚೆಂಡಿಗೆ ನಿಜವಾಗಿಯೇ ಬಾಯಿ ಬಿಟ್ಟು ಹೇಳುತ್ತಿದ್ದ. ಇಬ್ಬರೂ ನಗುತ್ತಿದ್ದರು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಕೊನೆಯ ದಿನ ಕಥೆಯ ಕೊನೆಯ ಗೋಲು. ನಿಜವಾದ ಕಂಬ, ನಿಜವಾದ ಬಲೆ, ಮೈದಾನದ ಸುತ್ತ ಬೆಂಗಳೂರಿನಿಂದ ಕರೆತಂದಿದ್ದ ಜನ. ಸಾನಾ ಒದ್ದಳು. ಚೆಂಡು ಗೋಲ್‌ಕೀಪರನ ಬೆರಳ ತುದಿ ದಾಟಿ ಬಲೆಯ ಮೂಲೆಗೆ ಹೋಗಿ ಸುತ್ತಿಕೊಂಡಿತು. ಜನ ಹೇಳಿಸಿಕೊಳ್ಳದೆಯೇ ಚಪ್ಪಾಳೆ ಹೊಡೆದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, ಅದೇ ಜಾಗದಲ್ಲಿ ಹುಡುಗನನ್ನು ನಿಲ್ಲಿಸಿ, ತಂಡದ ಹುಡುಗರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದನ್ನು ತೆಗೆದರು. ಸಾನಾ ನನ್ನ ಪಕ್ಕದಲ್ಲಿ ನಿಂತು ನೋಡಿದಳು. ಬಟ್ಟೆಯ ವಿಭಾಗದವನು ಬಂದು, "ಬೂಟು ಬಿಚ್ಚಮ್ಮ, ಲೆಕ್ಕಕ್ಕೆ ಕೊಡಬೇಕು," ಎಂದ. ಅವಳು ಕುಳಿತು ಬಿಚ್ಚಿ, ಒಳಗಿನ ಮಣ್ಣು ಕೊಡವಿ, ಎರಡನ್ನೂ ಜೋಡಿಸಿ ಕೊಟ್ಟಳು.

ಜೂನ್‌ನಲ್ಲಿ ಬಾಲರಾಜು ಅವರಿಗೆ ತಮ್ಮ ಊರು ಕಲ್ಯಕ್ಕೇ ವರ್ಗವಾಯಿತು. ಕಿಟ್ಟಿಯ ಕಾಲು ಯಾರದೆಂದು ಬಲ್ಲವಳು ಶಾಲೆಯಲ್ಲಿ ನಾನೊಬ್ಬಳೇ ಉಳಿದೆ.

ಆಗಸ್ಟ್‌ನಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ 'ಗೋಲ್ ಕಿಟ್ಟಿ' ಬರತೊಡಗಿತು. ನಮ್ಮೂರಿನ ಬೀದಿ ಬೀದಿಯಲ್ಲೂ ಮಕ್ಕಳು ಟಿ.ವಿ. ಇದ್ದ ಮನೆಗಳಲ್ಲಿ ಗುಂಪುಗೂಡುತ್ತಿದ್ದರು. ಕಿಟ್ಟಿ ಒದೆಯುವಾಗ ಮುಖ ಅವನದು, ತಟ್ಟನೆ ಬರುವ ಕಾಲು ಇವಳದು. ಜೋಡಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಕ್ರಿಕೆಟ್ ಬ್ಯಾಟಿಗೆ ಮುಗಿಬಿದ್ದಿದ್ದ ಹುಡುಗರೇ ಈಗ ಫುಟ್‌ಬಾಲಿಗೆ ಜಗಳವಾಡುತ್ತಿದ್ದರು. ಒದೆಯುವ ಮೊದಲು ಒಂದು ಗಳಿಗೆ ನಿಂತು ನೆಲ ನೋಡುವುದನ್ನೂ ಕಲಿತಿದ್ದರು. ಹೆಣ್ಣುಮಕ್ಕಳಿಗೆ ಚೆಂಡು ಸಿಗುವುದು ನಿಂತುಹೋಯಿತು.

ಸೆಪ್ಟೆಂಬರ್‌ನ ಒಂದು ಸೋಮವಾರ ನಾನು ಏಳನೆಯ ತರಗತಿಗೆ ಹೋದಾಗ ಒಳಗೆ ಗಲಾಟೆ ನಡೆದಿತ್ತು. ಸಾನಾ ಬೆಂಚಿನಿಂದ ಎದ್ದು ನಿಂತಿದ್ದಳು. ಅವಳ ಪಕ್ಕ ಕೂರುತ್ತಿದ್ದ ಗೆಳತಿ ಭಾನುಪ್ರಿಯ ನಗು ತಡೆಯಲು ಬಾಯಿಗೆ ಕೈ ಇಟ್ಟುಕೊಂಡಿದ್ದಳು.

"ಮಿಸ್, ಕಿಟ್ಟಿ ಕಾಲು ಇವಳ್ದಂತೆ ಮಿಸ್," ಎಂದ ಒಬ್ಬ ಹುಡುಗ. ತರಗತಿಯೆಲ್ಲ ನಕ್ಕಿತು.

"ಅಂಗಾದ್ರೆ ಮಚ್ಚೆ ತೋರ್ಸೇ ಅಂದೆವು ಮಿಸ್. ಮಚ್ಚೇನೇ ಇಲ್ಲ," ಎಂದ ಇನ್ನೊಬ್ಬ.

ಸಾನಾ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಸಾಕ್ಷಿ ಬಂದಿತೆಂಬ ಧೈರ್ಯ ಇತ್ತು. "ನೀವು ಹೇಳಿ ಮಿಸ್," ಎಂದಳು.

ನಾನು ಸನಾವುಲ್ಲಾಗೆ ಕೊಟ್ಟ ಮಾತನ್ನು ನೆನೆದೆ. ಹೇಳಿದರೆ ಸಂಜೆಯೊಳಗೆ ಓಣಿಯೆಲ್ಲ ತಿಳಿಯುತ್ತದೆ, ಚಡ್ಡಿ ಹಾಕಿ ಆಡಿದ್ದಳಂತೆ ಎಂದು ನಾಲ್ಕು ಜನ ಆಡುತ್ತಾರೆ, ಆ ಮನುಷ್ಯ ನನ್ನನ್ನು ನಂಬಿ ಕಳಿಸಿದ್ದ ಎಂದೆಲ್ಲ ಆ ಅರೆಗಳಿಗೆಯಲ್ಲಿ ಯೋಚಿಸಿದೆ. ಮಕ್ಕಳ ಜಗಳ, ನಾಳೆಗೆ ಮರೆತುಹೋಗುತ್ತದೆ ಎಂದೂ ಅಂದುಕೊಂಡೆ.

"ಕೂತ್ಕೊಳ್ಳಿ ಎಲ್ಲ. ಪುಸ್ತಕ ತೆಗೀರಿ," ಎಂದೆ.

ಸಾನಾ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕುಳಿತು ಪುಸ್ತಕ ತೆಗೆದಳು. ಬೆಳಕಿನ ಪಾಠ ಅವತ್ತು. ನಾನು ಏನು ಹೇಳಿದೆನೋ ನನಗೆ ತಿಳಿಯದು.

ನಾಳೆಗೆ ಮರೆತುಹೋಗಲಿಲ್ಲ. ಅವಳಿಗೆ 'ಸುಳ್ಳಿ ಸಾನಾ' ಎಂದು ಹೆಸರು ಬಿತ್ತು. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಮೆಲ್ಲಗೆ ಅದನ್ನೇ ಅನ್ನುತ್ತಿದ್ದರು. ನಾನು ಗದರಿದರೆ ಒಂದು ದಿನ ಸುಮ್ಮನಾಗುತ್ತಿದ್ದರು. ಅವಳನ್ನು ಒಬ್ಬಳನ್ನೇ ಕರೆದು, "ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ ಕಣಮ್ಮ," ಎಂದೆ. "ಗೊತ್ತು ಮಿಸ್," ಎಂದಳು. ಅಷ್ಟೇ. ಆಮೇಲೆ ಅವಳು ದಾರಿಯಲ್ಲಿ ಕಲ್ಲು ಒದ್ದುಕೊಂಡು ಬರುವುದನ್ನು ನಾನು ನೋಡಲಿಲ್ಲ.

ಅವಳನ್ನು ಬಿಟ್ಟುಕೊಡದವರು ಬಾಲರಾಜು ಒಬ್ಬರೇ. ಮಾರನೆಯ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುತ್ತಾರೆಂದು ತಿಳಿದು, ಕಲ್ಯದಿಂದ ರಜೆ ಹಾಕಿ ಬಂದು, ಸಾಬಿರಾ ಅವರನ್ನೂ ಜೊತೆಗೆ ಕರೆದುಕೊಂಡು ಅವಳನ್ನು ಅಲ್ಲಿಗೆ ಒಯ್ದರು. ಸ್ವಂತ ಅಳಿಯನ ಬೂಟಿಗೆ ಬಟ್ಟೆ ತುರುಕಿ ಹಾಕಿಸಿದ್ದರಂತೆ. ಮೇ ತಿಂಗಳಲ್ಲಿ ಕಾಗದ ಬಂತು. ಸಾನಾ ಆಯ್ಕೆಯಾಗಿದ್ದಳು. ಊಟ, ವಸತಿ, ಓದು ಎಲ್ಲ ಅಲ್ಲಿಯೇ.

ನಾನು ಅವಳ ಮನೆಗೆ ಓಡಿದೆ. ಸನಾವುಲ್ಲಾ ಹೊರಗಿನ ಜಗುಲಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸದ್ದಾಗುತ್ತಿತ್ತು. ಮೂವತ್ತು ವರ್ಷ ಬೇಸಿನ್ನಿನ ಹಬೆ ಕುಡಿದ ಎದೆ. ಇನ್ನು ಶೆಡ್ಡಿನೊಳಕ್ಕೆ ಕಾಲಿಡಕೂಡದೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಒಳಗೆ ಬೇಸಿನ್ ಮುಂದೆ ಸಾಬಿರಾ ಮತ್ತು ಸಾನಾ ಕುಳಿತಿದ್ದರು. ಸಾನಾ ಎದ್ದು ಬಂದಳು. ಬೆರಳುಗಳು ಬಿಸಿನೀರಿಗೆ ಬೆಳ್ಳಗೆ ಊದಿ, ಗೆಣ್ಣುಗಳಲ್ಲಿ ಒಡೆದಿದ್ದವು.

"ಓಗ್ಲಿ ಅಂತ ನಾನೇ ಯೋಳ್ದೆ ಮೇಡಂ. ಅವಳೇ ಒಲ್ಲೆ ಅಂತಾಳೆ," ಎಂದರು ಸನಾವುಲ್ಲಾ.

"ಯಾಕೆ ಸಾನಾ?"

"ಅಮ್ಮಿ ಒಬ್ಬಳೇ ನಾಲ್ಕು ಬೇಸಿನ್ ಎಂಗೆ ನೋಡ್ತಾಳೆ ಮಿಸ್?"

"ಒಂದೆರಡು ವರ್ಷ ಹೇಗೋ ಮಾಡಬಹುದಲ್ಲ. ಕೆಲಸಕ್ಕೆ ಯಾರನ್ನಾದ್ರೂ ಇಟ್ಕೊಂಡ್ರೆ..."

ಅವಳು ತಲೆಯಾಡಿಸಿದಳು. ಒದ್ದೆ ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡು, "ನಂಗೆ ಆಡಕ್ಕೆ ಇಷ್ಟ ಇಲ್ಲ ಮಿಸ್," ಎಂದಳು. ತಂದೆಗೆ ಕೇಳಲಿ ಎಂದೇ ಅದನ್ನು ಸ್ವಲ್ಪ ಜೋರಾಗಿ ಹೇಳಿದಳೆಂದು ನನಗೆ ಅನ್ನಿಸಿತು. ನಾನು ಇನ್ನೂ ಒತ್ತಾಯ ಮಾಡಬಹುದಿತ್ತು. ಆದರೆ ಅವಳ ಮುಂದೆ ನಿಂತು ಒತ್ತಾಯ ಮಾಡುವ ಮುಖ ನನಗಿರಲಿಲ್ಲ. ಎಂಟನೆಯ ತರಗತಿಗೆ ಅವಳು ಬರಲಿಲ್ಲ.

ಸನಾವುಲ್ಲಾ ತೀರಿಕೊಂಡದ್ದು ೨೦೦೬ರ ಮಳೆಗಾಲದಲ್ಲಿ. ನಾನು ಹೋದಾಗ ಮೂರನೆಯ ದಿನ. ಹೆಂಗಸರ ನಡುವೆ ಸಾಬಿರಾ ಗೋಡೆಗೆ ಒರಗಿ ಕುಳಿತಿದ್ದರು. ಸಾನಾ ಬಂದವರಿಗೆ ಚಹಾ ಕೊಡುತ್ತಿದ್ದಳು. ಹದಿನಾರು ತುಂಬಿ, ತಾಯಿಗಿಂತ ಎತ್ತರ ಬೆಳೆದಿದ್ದಳು. ಸಾಬಿರಾ ನನ್ನ ಕೈ ಹಿಡಿದುಕೊಂಡು ಅದೂ ಇದೂ ಹೇಳುತ್ತ, ಒಂದು ಮಾತು ಹೇಳಿದರು.

"ಆ ಕಿಟ್ಟಿ ಬತ್ತಿತ್ತಲ್ಲ ಮೇಡಂ, ಭಾನುವಾರ. ಹತ್ತು ಗಂಟೆಗೆ ಇವರು ಅಷ್ಟೂ ಬೇಸಿನ್ ನಿಲ್ಸಿಬುಡೋರು. ಟಿ.ವಿ.ಗೆ ಇಷ್ಟು ಹತ್ರ ಹೋಗಿ ಕೂತ್ಕಳೋರು. ಆ ಹುಡುಗನ ಮುಖ ಬಂದ್ರೆ ಗಡಿಯಾರ ನೋಡೋರು. ಕಾಲು ಬಂದ್ರೆ ಮುಂದಕ್ಕೆ ಬಗ್ಗೋರು. ಇಪ್ಪತ್ತಾರು ವಾರ ಒಂದೂ ಬುಡ್ಲಿಲ್ಲ. ಒಂದಿನ ನಂಗೆ ಯೋಳಿದ್ರು, ಎಸ್ರು ಹಾಕಿ ಅಂತ ನಾನು ಅನ್ನಬೇಕಾಗಿತ್ತು ಅಂತ."

"ಸಾನಾಗೆ ಹೇಳಿದ್ರಾ?" ಎಂದೆ.

"ಅವಳೆಲ್ಲಿ ನೋಡ್ತಿದ್ಲು. ಹತ್ತು ಗಂಟೆ ಆಗೋ ಒತ್ಗೆ ಮಾಳಿಗೆ ಮ್ಯಾಲೆ ಓಗಿಬುಡೋಳು. ಮಗೀಗೆ ನಾಚಿಕೆ ಆಯ್ತದೆ, ಮಾತೆತ್ತಬ್ಯಾಡ ಅಂದ್ರು ಇವರು."

ಚಹಾದ ತಟ್ಟೆ ಹಿಡಿದು ಸಾನಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋದಳು. ಅವಳು ಅಳುತ್ತಿರುವ ಸದ್ದು ಹೊರಗೆ ಕೂತ ನಮಗೆಲ್ಲ ಕೇಳಿಸಿತು. ತಂದೆ ಹೋದ ದಿನವೂ ಅವಳು ಅತ್ತಿರಲಿಲ್ಲವಂತೆ.

ಮರುವರ್ಷ ರಾಮನಗರ ಜಿಲ್ಲೆಯಾಯಿತು, ನನಗೆ ಕೂಟಗಲ್ಲಿಗೆ ವರ್ಗವಾಯಿತು. ಚೀನಾದ ನೂಲು ಬಂದು ಸಣ್ಣ ಪ್ರಮಾಣದಲ್ಲಿ ನೂಲು ತೆಗೆಯುವವರು ಒಬ್ಬೊಬ್ಬರಾಗಿ ಶೆಡ್ಡಿಗೆ ಬೀಗ ಹಾಕಿದರು. ಸಾಬಿರಾ ಬೇಸಿನ್‌ಗಳನ್ನು ಗುಜರಿಗೆ ಕೊಟ್ಟರೆಂದು ಕೇಳಿದೆ. ಬಿಡದಿ ಕಡೆ ಹೊಲಗಳೆಲ್ಲ ಕಾರ್ಖಾನೆಗಳ ಕಾಂಪೌಂಡಾಗುತ್ತಿದ್ದ ಕಾಲ. ಬೈರಮಂಗಲದಿಂದ ಚನ್ನಪಟ್ಟಣದವರೆಗೆ ಕಂಪನಿ ಬಸ್ಸುಗಳು ಓಡಾಡಿ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ಸಾನಾ ಕಾರಿನ ವೈರುಗಳನ್ನು ಕಟ್ಟುವ ಒಂದು ಕಾರ್ಖಾನೆಗೆ ಸೇರಿದಳು. ರೇಷ್ಮೆ ಎಳೆ ಹುಡುಕಿದ ಬೆರಳಿಗೆ ಆ ಕೆಲಸ ಸುಲಭವಾಯಿತಂತೆ.

೨೦೦೯ರ ಒಂದು ಮಧ್ಯಾಹ್ನ ಅವಳು ನನಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ನೀಲಿ ಕೋಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಎರಡನೆಯ ಪಾಳಿಗೆ ಹೊರಟಿದ್ದಳು. ನನ್ನನ್ನು ಕಂಡು ತಾನೇ ಹತ್ತಿರ ಬಂದು, "ಚೆನ್ನಾಗಿದ್ದೀರಾ ಮಿಸ್?" ಎಂದಳು. ತಾಯಿಗೆ ಕಣ್ಣಿನ ಪೊರೆ ತೆಗೆಸಿದ್ದು ಹೇಳಿದಳು. ಎಂಟು ಗಂಟೆ ನಿಂತೇ ಕೆಲಸ, ಮೊದಮೊದಲು ಕಾಲು ನೋಯುತ್ತಿತ್ತು, ಈಗ ಅಭ್ಯಾಸವಾಗಿದೆ ಎಂದಳು.

"ಆಟ ಗೀಟ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಕಂಪನೀಲಿ ಗಂಡಸರಿಗೆ ಫುಟ್‌ಬಾಲ್ ಟೀಮ್ ಐತೆ ಮಿಸ್. ನಮಗೆ ವರ್ಷಕ್ಕೊಂದ್ಸಲ ನಿಂಬೆಹಣ್ಣು ಚಮಚ."

"ನೀನು ಹೋಗಿ ಕೇಳಲಿಲ್ವಾ? ನಂಗೆ ಬರುತ್ತೆ ಅಂತ?"

"ನಂಬ್ತಾರಾ ಮಿಸ್?"

ಆರು ವರ್ಷದಿಂದ ಬಾಯೊಳಗೇ ಇಟ್ಟುಕೊಂಡಿದ್ದನ್ನು ಅವತ್ತು ಹೇಳಿದೆ. ಅವತ್ತು ತರಗತಿಯಲ್ಲಿ ನಾನು ಬಾಯಿ ಬಿಡಬೇಕಿತ್ತು, ತಪ್ಪು ನನ್ನದು, ಈಗಲಾದರೂ ಆ ಶಾಲೆಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಬಸ್ ಸ್ಟ್ಯಾಂಡೆಂಬುದನ್ನೂ ಮರೆತು ಕಣ್ಣೊರೆಸಿಕೊಂಡೆ.

ಸಾನಾ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಈಗ ಯಾರಿಗೆ ಹೇಳ್ತೀರಿ ಮಿಸ್. ಭಾನು ಮದುವೆ ಆಗಿ ಕನಕಪುರಕ್ಕೆ ಹೋದ್ಲು. ಆ ಹುಡುಗ್ರಲ್ಲಿ ಇಬ್ಬರು ನಮ್ ಕಂಪನೀಲೇ ಅವ್ರೆ. ಒಂದಿನ ನಾನೇ ಕೇಳಿದೆ, ಗೋಲ್ ಕಿಟ್ಟಿ ಜ್ಞಾಪಕ ಐತಾ ಅಂತ. ಅದ್ಯಾವುದು ಅಂದ್ರು."

ಅವಳು ಬಸ್ಸು ಬರುವ ದಾರಿಯ ಕಡೆ ನೋಡಿದಳು.

"ಅವತ್ತು ಹೇಳಿದ್ರೆ ಚೆನ್ನಾಗಿತ್ತು," ಎಂದಳು. ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಕಂಪನಿಯ ಬಸ್ಸು ಬಂತು. ಅದೇ ನೀಲಿ ಕೋಟಿನ ಹುಡುಗಿಯರು ಓಡಿ ಬಂದು ಬಾಗಿಲಲ್ಲಿ ಸೇರಿದರು. ಅವರಲ್ಲೊಬ್ಬಳು ನನ್ನನ್ನು ನೋಡಿ, "ಯಾರೇ ಅದು?" ಎಂದಳು. "ನಮ್ ಮಿಸ್," ಎಂದು ಸಾನಾ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವಳಿಗೆ. ಬಸ್ಸು ತಿರುಗುವಾಗ ಕೈ ಎತ್ತಿದಳು, ನಾನೂ ಎತ್ತಿದೆ. ಕೂಟಗಲ್ಲಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬೆಂಚು ಖಾಲಿಯಿದ್ದರೂ ನಾನು ಅಲ್ಲಿಯವರೆಗೆ ನಿಂತೇ ಇದ್ದೆ.